ದೋಣಿಯೊಳಗಿನ ಅಜ್ಜಿ

ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊಬೈಲ್ ಆಟ ತಯಾರಿಸುತ್ತೇನೆ ಎನ್ನುತ್ತೇನೆ. ಅದು ಅರ್ಧ ನಿಜ. ಚಿತ್ರ ಬರೆಯುವವರು ಬೇರೆ, ಸಂಗೀತ ಕೂಡಿಸುವವರು ಬೇರೆ. ಆಡುವವರು ಫೋನು ಕೆಳಗಿಡದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಬಾಯಿಬಿಟ್ಟು ಹೇಳಬೇಕೆಂದರೆ, ಸುಳ್ಳು ಹೇಳುವುದು. ಸಣ್ಣ ಸಣ್ಣ ಸುಳ್ಳು, ಯಾರ ಗಂಟೂ ಹೋಗದ ಸುಳ್ಳು. ಹಾಗೆಂದು ನಾನು ಆ ಶುಕ್ರವಾರದವರೆಗೂ ನಂಬಿದ್ದೆ.

ನಮ್ಮ ದೋಣಿ ಆಟವನ್ನೇ ನೋಡಿ. ರಭಸದ ಹೊಳೆ, ನಡುನಡುವೆ ಬಂಡೆ, ಒಂದು ಪುಟ್ಟ ದೋಣಿ. ಎಡಕ್ಕೆ ತಿರುಗಿಸಲು ಪರದೆಯ ಎಡಬದಿ ಒತ್ತಬೇಕು, ಬಲಕ್ಕೆ ಬಲಬದಿ. ಆಟ ಇಷ್ಟೇ. ಆದರೆ ಕಣ್ಣಿಗೆ ಕಾಣುವ ಬಂಡೆಗಿಂತ ಆಟದ ಲೆಕ್ಕದಲ್ಲಿರುವ ಬಂಡೆ ಚಿಕ್ಕದು, ಹಾಗಾಗಿ ಬಡಿದೇ ಬಿಟ್ಟಿತು ಎನ್ನುವ ದೋಣಿ ಮೈ ಸವರಿಕೊಂಡು ಪಾರಾಗುತ್ತದೆ. ದೋಣಿಯ ಆಯುಸ್ಸು ತೋರಿಸುವ ಕೆಂಪು ಗೆರೆ ಕೂದಲೆಳೆಯಷ್ಟು ಉಳಿದಿದೆ ಎಂದು ಕಂಡಾಗ ನಿಜಕ್ಕೂ ಇನ್ನೂ ಸಾಕಷ್ಟು ಉಳಿದಿರುತ್ತದೆ. 'ಅಬ್ಬ, ಸ್ವಲ್ಪದರಲ್ಲಿ ತಪ್ಪಿತು' ಎಂದು ಎದೆ ಮುಟ್ಟಿಕೊಂಡವರು ಮತ್ತೆ ಆಡುತ್ತಾರೆ. ಸುಲಭವಾಗಿ ಗೆದ್ದವರು ಮತ್ತೆ ಬರುವುದಿಲ್ಲ, ಸೋತು ಸುಣ್ಣವಾದವರೂ ಬರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಸುಳ್ಳಿಗೆ ನಮ್ಮ ಆಫೀಸಿನಲ್ಲಿ ಅಜ್ಜಿ ಎಂದು ಹೆಸರು. ಹೆಸರಿಟ್ಟವಳು ನಾನೇ, ಹುಟ್ಟಿಸಿದವಳೂ ನಾನೇ. ಅಜ್ಜಿ ಆಟದೊಳಗೆ ಅಡಗಿ ಕೂತು ಆಡುವವರ ಕೈ ನೋಡುತ್ತಾಳೆ. ಬಂಡೆ ಕಂಡ ಮೇಲೆ ಬೆರಳು ಎಷ್ಟು ತಡವಾಗಿ ಬೀಳುತ್ತದೆ, ಎಡ ಎಷ್ಟು ತಡ, ಬಲ ಎಷ್ಟು ತಡ ಎಂದು ನಿಧಾನವಾಗಿ ಕಲಿಯುತ್ತಾಳೆ. ಕಲಿತ ಮೇಲೆ ಅಷ್ಟೇ ತಡವನ್ನು ಅವರಿಗೆ ಮಾಫಿ ಮಾಡುತ್ತಾಳೆ. ಬೆರಳು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಮಾತ್ರ, ಆ ಗಳಿಗೆಗೆ ಹೊಳೆಯನ್ನು ಕಣ್ಣಿಗೆ ತಿಳಿಯದ ಹಾಗೆ ತಡೆದು ಹಿಡಿಯುತ್ತಾಳೆ. ಬೆರಳು ಬಿದ್ದಾಗ ದೋಣಿ ತಿರುಗುತ್ತದೆ, ಆಡಿದವರು ನನ್ನ ಕೈ ಚುರುಕಾಯಿತು ಎಂದುಕೊಳ್ಳುತ್ತಾರೆ.

ನಿಜವಾದ ನಮ್ಮ ಅಜ್ಜಿಯೂ ಹಾಗೇ ಇದ್ದಳು. ಹಾವು ಏಣಿ ಆಡುವಾಗ ಬೇಕೆಂದೇ ಮನೆ ತಪ್ಪಿ ಎಣಿಸಿ ನಮ್ಮನ್ನು ಹಾವಿನ ಬಾಯಿಂದ ತಪ್ಪಿಸಿ ಏಣಿಯ ಬುಡಕ್ಕೆ ಮುಟ್ಟಿಸುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಏಣಿ ಹತ್ತುತ್ತಿದ್ದೆ. ಅಣ್ಣ ಮಾತ್ರ ರಂಪ ಮಾಡುತ್ತಿದ್ದ. "ಅಜ್ಜೀ, ತಪ್ಪು ಎಣಿಸ್ಬೇಡ!" ಎಂದು ಅವಳ ಕೈ ಹಿಡಿದು ಮತ್ತೆ ಎಣಿಸಿ, ತಾನಾಗಿಯೇ ಹಾವಿನ ಬಾಯಿಗೆ ಕಾಯಿ ಇಟ್ಟು, ಬಾಲದವರೆಗೆ ಜಾರಿ, ಮುಖ ಊದಿಸಿಕೊಂಡು ಕೂರುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವನು ದೊಡ್ಡವನಾಗಿ ಕ್ರೇನ್ ಆಪರೇಟರ್ ಆದ.

ಎತ್ತರದ ಕಟ್ಟಡ ಕಟ್ಟುವಲ್ಲಿ ನಿಂತಿರುತ್ತದಲ್ಲ, ಉದ್ದ ತೋಳಿನ ಕ್ರೇನ್, ಅದರ ನೆತ್ತಿಯ ಗಾಜಿನ ಪೆಟ್ಟಿಗೆಯಲ್ಲಿ ಅವನ ಕೆಲಸ. ಎಡಗೈ ಲಿವರ್ ತೋಳನ್ನು ತಿರುಗಿಸುತ್ತದೆ. ಬಲಗೈ ಲಿವರ್ ಭಾರವನ್ನು ಏರಿಸಿ ಇಳಿಸುತ್ತದೆ. ಕಬ್ಬಿಣದ ತೊಲೆ ಅವನ ಬಲಗೈಯಲ್ಲಿರುತ್ತದೆ, ತೊಲೆಯ ಕೆಳಗೆ ಹತ್ತಾರು ಜನ ತಲೆ ಬಗ್ಗಿಸಿ ಕೆಲಸ ಮಾಡುತ್ತಿರುತ್ತಾರೆ. ಹೋದ ವರ್ಷದ ಕೊನೆಗೆ ಅವನ ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಮಾತು ಉಳಿಯಿತು, ನಡಿಗೆ ಉಳಿಯಿತು. ಬಲಗೈ ಜೋಲುಬಿತ್ತು.

ಆಸ್ಪತ್ರೆಯವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಅಣ್ಣ ಅದನ್ನು ಕಿಟಕಿಯ ಮೇಲಿಟ್ಟು ದಿನವಿಡೀ ಅದರ ಮುಖ ನೋಡುತ್ತ ಕೂತ. ಅತ್ತಿಗೆ ಅತ್ತರು, ಬೈದರು, ಅವನು ಮುಟ್ಟಲಿಲ್ಲ. ಕೊನೆಗೆ ನಾನೇ ಅವನ ಫೋನಿಗೆ ದೋಣಿ ಆಟ ಹಾಕಿಕೊಟ್ಟೆ. ಮೊದಲ ವಾರ ಬಂಡೆಗೆ ಬಡಿದು ಬಡಿದು ಸಿಟ್ಟಾದ. ಎರಡನೇ ವಾರ ಊಟಕ್ಕೆ ಕರೆದರೆ "ಇದೊಂದು ಬಂಡೆ ದಾಟಿ ಬಂದೆ" ಎಂದ. ಆಮೇಲೆ ದಾಟುತ್ತಲೇ ಹೋದ. ಕೈಗೆ ಬಲ ಬಂದದ್ದು ನಿಜ. ಲೋಟ ಹಿಡಿದ, ಸಹಿ ಮಾಡಿದ, ಮುಷ್ಟಿ ಕಟ್ಟಿ ನನ್ನ ಬೆನ್ನಿಗೊಂದು ಗುದ್ದಿದ. ಮನೆಯಲ್ಲಿ ನಗು ಬಂತು. ನಾನು ಆಫೀಸಿನಲ್ಲಿ ಎಲ್ಲರೆದುರು ಹೇಳಿಕೊಂಡು ಹೆಮ್ಮೆಪಟ್ಟೆ.

ಶುಕ್ರವಾರ ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಸೋಮವಾರ ಮೇಲೆ ಹತ್ತೋದೇ," ಎಂದ. "ಸೈಟ್ ಡಾಕ್ಟ್ರು ಪಾಸ್ ಮಾಡಿದ್ರು ಕಣೇ!"

"ಪಾಸ್ ಅಂದ್ರೆ? ಏನೇನು ನೋಡಿದ್ರು?"

"ಬಿಪಿ ನೋಡಿದ್ರು, ಕೈ ಹಿಡಿತ ನೋಡಿದ್ರು. ಕೈ ಚುರುಕಾಗಿದ್ಯಾ ಅಂತ ಕೇಳಿದ್ರು. ನಾನು ನಿನ್ನ ಆಟ ತೆಗೆದು ತೋರಿಸ್ದೆ. ನಾನಿರೋ ಹಂತ ಅವರೂ ಆಡಿದ್ರು. ಮೊದಲ್ನೇ ಬಂಡೆಗೇ ಢಮಾರ್! 'ಏನಪ್ಪಾ, ನನಗಿಂತ ನಿನ್ನ ಕೈಯೇ ಚುರುಕು' ಅಂದು ಸಹಿ ಹಾಕೇಬಿಟ್ರು."

ಅಜ್ಜಿ ಅಣ್ಣನ ಕೈಯನ್ನು ತಿಂಗಳುಗಟ್ಟಲೆ ಕಲಿತಿದ್ದಳು. ಡಾಕ್ಟರ ಕೈಯ ಪರಿಚಯ ಅವಳಿಗಿರಲಿಲ್ಲ. ಪರೀಕ್ಷೆಗೆ ಕೂತದ್ದು ಅಣ್ಣ, ಉತ್ತರ ಬರೆದದ್ದು ಅಜ್ಜಿ. ಅವನು ನಗುತ್ತಿದ್ದ. ನಾನೂ ನಕ್ಕೆ. ಒಳಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ.

ಆಗಲೇ ಹೇಳಬೇಕಿತ್ತು. ಆದರೆ ಅಡುಗೆಮನೆಯಲ್ಲಿ ಅತ್ತಿಗೆ ಅವನ ಕೆಲಸದ ಬ್ಯಾಗ್ ಒರೆಸುತ್ತಿದ್ದರು. ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮತ್ತೆ ಸಡಿಲ ಮಾಡಿ, ಹಾಗೇ ಮೇಲಿಟ್ಟರು. ಅವನ ಅಂಗಿಗೆ ಮೇಲಿನೆರಡು ಬಿಟ್ಟು ಉಳಿದ ಗುಂಡಿಗಳನ್ನೆಲ್ಲ ಮೊದಲೇ ಹಾಕಿಟ್ಟರು, ಅವನು ತಲೆಯ ಮೇಲಿಂದ ಎಳೆದುಕೊಂಡರಾಯಿತು. ಶೂ ದಾರವೂ ಅಷ್ಟೇ, ಕಟ್ಟಿಯೇ ಇರುತ್ತಿತ್ತು. ಇದೆಲ್ಲ ತಿಂಗಳುಗಳಿಂದ ನಡೆದಿತ್ತು, ಅವನ ಗಮನಕ್ಕೇ ಬಂದಿರಲಿಲ್ಲ. ಅತ್ತಿಗೆಗೆ ನಮ್ಮ ಆಫೀಸಿನಲ್ಲಿ ಕೆಲಸ ಕೊಡಿಸಬೇಕು ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿಕೊಂಡಿದ್ದೆ. ಆ ಸಂಜೆ ತಮಾಷೆ ಅನ್ನಿಸಲಿಲ್ಲ.

"ಅತ್ತಿಗೆ, ಅಣ್ಣ ಇಷ್ಟು ಬೇಗ ಹತ್ತಬೇಕಾ?" ಎಂದೆ.

"ನೀನು ಅಪಶಕುನ ನುಡೀಬೇಡ," ಎಂದರು. "ಎಷ್ಟು ದಿನ ಆಯ್ತು ಇವರು ಸಿಳ್ಳೆ ಹೊಡೆದು. ಕೇಳಿಸ್ತಾ ಇದ್ಯಾ?"

ಕೇಳಿಸುತ್ತಿತ್ತು. ಅಣ್ಣ ಹಜಾರದಲ್ಲಿ ಸಿಳ್ಳೆ ಹಾಕುತ್ತ ದೋಣಿ ಆಡುತ್ತಿದ್ದ.

ಶನಿವಾರ ಆಫೀಸಿಗೆ ಹೋದವಳೇ ಕಂಪನಿಯ ಯಜಮಾನರ ಕೋಣೆಗೆ ನುಗ್ಗಿದೆ. ಅವರಿಗೆ ನಾವಿಟ್ಟ ಅಡ್ಡಹೆಸರು 'ಇನ್ನೊಂದ್ಸಲ'. ಆಡುವವರ ಬಾಯಲ್ಲಿ ಇನ್ನೊಂದ್ಸಲ ಎನ್ನುವ ಮಾತು ಬರಬೇಕು ಎಂಬುದು ಅವರ ಜಪ.

"ಒಬ್ಬರ ಫೋನಲ್ಲಿ ಅಜ್ಜಿಯನ್ನ ತೆಗೀಬೇಕು ಸಾರ್," ಎಂದೆ.

"ಅಜ್ಜಿಯನ್ನ ತೆಗೀತೀಯಾ? ನೀನು ಆಡಿದೀಯಾ, ಅಜ್ಜಿ ಇಲ್ದೆ?"

ಆಡಿದ್ದೆ. ಹಿಂದಿನ ದಿನ ಸಂಜೆಯೇ ನನ್ನ ಲ್ಯಾಪ್‌ಟಾಪಿನಲ್ಲಿ ಅಜ್ಜಿಯನ್ನು ತೆಗೆದು ಆಡಿ ನೋಡಿದ್ದೆ. ಆಟ ಮಾಡಿದ ನಾನೇ ಮೂರನೇ ಹಂತದಲ್ಲಿ ಮುಳುಗಿದ್ದೆ. ಅಲ್ಲಿಗೆ ಇನ್ನೊಂದು ಹೊಸ ತಲೆನೋವು. ಅಜ್ಜಿ ಇಲ್ಲದೆ ಅಣ್ಣ ಸೋತರೆ ಅದರಿಂದ ಸಾಬೀತಾಗುವುದೇನು? ಎಲ್ಲರೂ ಸೋಲುತ್ತಾರೆ. 'ಆಟ ಕೆಟ್ಟಿದೆ, ರಿಪೇರಿ ಮಾಡು' ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಸೋಮವಾರ ಕ್ರೇನ್ ಹತ್ತುತ್ತಾನೆ.

"ಅಜ್ಜಿ ಇಲ್ದಿದ್ರೆ ಜನ ಫೋನ್ ಕೆಳಗಿಟ್ಟು ಊಟಕ್ಕೆ ಹೋಗ್ತಾರೆ," ಎಂದರು ಇನ್ನೊಂದ್ಸಲ. "ಅವಳು ಇದಾಳೆ ಅಂತ ಯಾರಿಗೂ ಗೊತ್ತಾಗಬಾರದು. ಗೊತ್ತಾದ ದಿನ ಆಟ ಸತ್ತ ಹಾಗೆ. ಈಗ ಏನಾಗಿದೆ, ಯಾರು ಅದು?"

ಹೇಳಿದೆ. ಅವರು ಪೆನ್ನಿನ ಮುಚ್ಚಳ ಕಚ್ಚಿದರು.

"ಬಾಯಿ ಬಿಟ್ಟು ಹೇಳಿಬಿಡಮ್ಮ. ಅಣ್ಣ ತಾನೇ?"

"ಅಣ್ಣ ಅಂತಲೇ ಹೇಳೋಕಾಗ್ತಿಲ್ಲ ಸಾರ್."

ಅವರಿಗೆ ಅರ್ಥವಾಗಲಿಲ್ಲ. ನನಗಂತೂ ಗಂಟಲಲ್ಲಿ ಬಿಸಿತುಪ್ಪ. ಹೇಳಿದರೆ ಅವನು ಮತ್ತೆ ಕಿಟಕಿಯ ಮುಂದೆ ಹೋಗಿ ಕೂರುತ್ತಾನೆ, ಆಮೇಲೆ ಯಾವ ಚೆಂಡೂ ಯಾವ ದೋಣಿಯೂ ಅವನನ್ನು ಎಬ್ಬಿಸಲಾರವು. ಹೇಳದಿದ್ದರೆ ಸೋಮವಾರ ಒಂದು ತೊಲೆ ತಡವಾಗಿ ನಿಲ್ಲುತ್ತದೆ. ಎಷ್ಟು ತಡ? ಕಣ್ಣು ರೆಪ್ಪೆ ಬಡಿಯುವಷ್ಟು. ಆಟದಲ್ಲಿ ಅಷ್ಟನ್ನು ನಾನು ಮಾಫಿ ಮಾಡಿದ್ದೆ. ಅಲ್ಲಿ ಮಾಫಿ ಮಾಡುವವರು ಯಾರು?

ನಮ್ಮಲ್ಲಿ ಆಟದ ಇನ್ನೊಂದು ಪ್ರತಿ ಇದೆ, ಹೊರಗೆ ಯಾರಿಗೂ ಕೊಡದ್ದು. ಅಜ್ಜಿ ಕೈಹಾಕಿದಾಗಲೆಲ್ಲ ಅದರಲ್ಲಿ 'ಟಿಣ್' ಎಂದು ಸಣ್ಣ ಗಂಟೆ ಬಡಿಯುತ್ತದೆ. ಅಜ್ಜಿ ಹೆಚ್ಚಾದಳೋ ಕಡಿಮೆಯಾದಳೋ ಎಂದು ಕಿವಿಗೆ ತಿಳಿಯಲಿ ಎಂದು ಪರೀಕ್ಷೆಗೆ ಮಾಡಿಕೊಂಡ ಏರ್ಪಾಡು. ಸಂಜೆ ಹೊರಡುವ ಮೊದಲು ಅದನ್ನು ನನ್ನ ಫೋನಿಗೆ ಹಾಕಿಕೊಂಡೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದರೆ, ಬೆಕ್ಕನ್ನು ಸಾಕಿದವಳೇ ಕಟ್ಟಬೇಕು. ಬಾಯಲ್ಲಿ ಹೇಳಲಾರದ್ದನ್ನು ಗಂಟೆ ಹೇಳಲಿ ಎಂಬ ಹೇಡಿ ಉಪಾಯ ಅದು, ಗೊತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣನ ಫೋನ್ ಇಸಿದುಕೊಂಡು ಗಂಟೆಯ ಆಟವನ್ನು ಅದಕ್ಕೆ ದಾಟಿಸಿದೆ, ಅಜ್ಜಿ ಅವನ ಕೈಯ ಬಗ್ಗೆ ಕಲಿತದ್ದು ಅದರಲ್ಲಿ ಹಾಗೇ ಉಳಿಯಿತು. ಅವನು ಕುರ್ಚಿಯಲ್ಲಿ ಕಾಲು ಮಡಚಿ ಕೂತ. ಹೊಳೆ ಹರಿಯಿತು.

ಟಿಣ್.

"ಏನೇ ಇದು? ಹೊಸ ಸದ್ದು?"

"ಹೊಸದು. ಆಡಿ ನೋಡು."

ಟಿಣ್. ಟಿಣ್. ದೋಣಿ ಎರಡು ಬಂಡೆಗಳ ನಡುವೆ ನುಸುಳಿತು. ಟಿಣ್. ಅಣ್ಣನ ಮುಖ ಅರಳಿತು.

"ಓಹೋ! ಶಭಾಷ್ ಅಂತ ಗಂಟೆ ಹೊಡೆಯುತ್ತಾ? ಚೆನ್ನಾಗಿದೆ ಕಣೇ!"

ಇಡೀ ಆಫೀಸಿನಲ್ಲಿ ಯಾರಿಗೂ ಹೊಳೆಯದ ಅರ್ಥ ಅವನಿಗೆ ಹೊಳೆದಿತ್ತು. ಹೊಳೆಯದೆ ಏನು? ಆಟದಲ್ಲಿ ಗಂಟೆ ಬಡಿದರೆ ಹೊಗಳಿಕೆ ಎಂದು ಜನರಿಗೆ ಕಲಿಸಿದವರೇ ನಾವು. ಅವನು ಇನ್ನಷ್ಟು ಹುರುಪಿನಿಂದ ಆಡಿದ. ಗಂಟೆ ಇನ್ನಷ್ಟು ಬಡಿಯಿತು.

"ಬಾರೇ ಇಲ್ಲಿ," ಎಂದು ಅತ್ತಿಗೆಯನ್ನು ಕೂಗಿದ. "ಕೇಳು, ನಿನ್ನ ಗಂಡಂಗೆ ಎಷ್ಟು ಶಭಾಷ್ ಬೀಳ್ತಿದೆ!"

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಹಿಂದೆ ನಿಂತರು. ಅವರಿಗೂ ಖುಷಿ.

ಆಟದ ನಡುವೆಯೇ ಅಣ್ಣ ತಲೆ ಸ್ವಲ್ಪ ಓರೆ ಮಾಡಿದ. ಕ್ರೇನಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತು ತಂತಿ ಹಗ್ಗದ ಸದ್ದು ಕೇಳಿದ ಕಿವಿ ಅದು.

"ಬಲಕ್ಕೆ ತಿರುಗಿದಾಗ ಮಾತ್ರ ಹೊಡೆಯುತ್ತೆ," ಎಂದ. "ಎಡಗೈ ಏನು ಪಾಪ ಮಾಡಿದೆ?"

ಅವನು ಫೋನನ್ನು ಮೇಜಿನ ಮೇಲೆ ಮಲಗಿಸಿದ. ಬಲಗೈ ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಎರಡು ಬೆರಳಲ್ಲಿ ಎರಡೂ ಬದಿ ಒತ್ತುತ್ತ ಅದೇ ಹೊಳೆಯನ್ನು ಮತ್ತೆ ಆಡಿದ. ದೋಣಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಬಂಡೆಯ ನಂತರ ಬಂಡೆ ದಾಟಿತು. ಲಿವರ್ ಹಿಡಿದು ಪಳಗಿದ ಕೈ ಅದು. ಗಂಟೆ ಬಡಿಯಲಿಲ್ಲ. ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ಅವನು ಫೋನಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ.

"ಇದು ಶಭಾಷ್ ಅಲ್ಲ, ಅಲ್ವಾ?"

"ಅಲ್ಲ ಅಣ್ಣ."

"ಮತ್ತೇನು?"

"ಅಜ್ಜಿ."

ಹೇಳಿದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಹೊಳೆ ನಿಧಾನವಾಗುವುದು, ಬಂಡೆ ಚಿಕ್ಕದಿರುವುದು, ಕೆಂಪು ಗೆರೆಯ ಸುಳ್ಳು, ಅಜ್ಜಿ ಅವನ ಬಲಗೈಯ ತಡವನ್ನು ಕಲಿತದ್ದು, ಎಲ್ಲವನ್ನೂ ಹೇಳಿದೆ. ಅವನು ಒಂದು ಕಡೆಯೂ ತಡೆಯದೆ ಕೇಳಿದ.

"ಎಷ್ಟು ದಿನದಿಂದ?"

"ಮೊದಲಿಂದಲೂ. ಎಲ್ಲರಿಗೂ ಹೀಗೇ ಅಣ್ಣ, ನಿಂಗೊಬ್ಬಂಗೇ ಅಲ್ಲ. ನಾನು ಆಡಿದ್ರೂ ಅವಳು ಬರ್ತಾಳೆ."

"ಎಲ್ಲರೂ ಕ್ರೇನ್ ಹತ್ತಲ್ಲ."

ಅವನು ಫೋನನ್ನು ನನ್ನ ಕಡೆಗೆ ತಳ್ಳಿದ.

"ಶುಕ್ರವಾರಾನೇ ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು. ನೀನು ಮತ್ತೆ ಕಿಟಕಿ ಹತ್ರ ಹೋಗಿ ಕೂತ್ಕೋತೀಯ ಅಂತ."

"ನಾನು ಬೇಜಾರು ಮಾಡ್ಕೋತೀನಿ ಅಂತ ಭಯ. ಕೆಳಗೆ ನಿಂತಿರೋನ ತಲೆ ಬಗ್ಗೆ ಭಯ ಆಗ್ಲಿಲ್ವಾ ನಿಂಗೆ?" ದನಿ ಏರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಅಷ್ಟು ಚಿಕ್ಕೋನಿದ್ದಾಗಲೇ ಬೇಡ ಅಂದಿದ್ನಲ್ಲೇ ನಾನು. ತಪ್ಪು ಎಣಿಸ್ಬೇಡ ಅಂದಿದ್ನಲ್ಲೇ."

ನಾನು ಅತ್ತೆ. ಅತ್ತಿಗೆ ಏನೂ ತೋಚದೆ ನೀರಿನ ಬಾಟಲಿ ತಂದು ಅವನ ಮುಂದಿಟ್ಟರು. ಅವನು ಅಭ್ಯಾಸಬಲದಿಂದ ಬಲಗೈಯಲ್ಲಿ ಮುಚ್ಚಳ ಮುಟ್ಟಿದ. ಅದು ಮುಟ್ಟಿದ್ದೇ ತಡ ಕಳಚಿ ಬಂತು. ಮುಚ್ಚಳವನ್ನು ಹಿಡಿದುಕೊಂಡು ಅವನು ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲ ಬಳಿಯ ಶೂ ನೋಡಿದ, ಮೊಳೆಗೆ ತೂಗುಹಾಕಿದ ಅಂಗಿ ನೋಡಿದ, ಅದರ ಹಾಕಿಟ್ಟ ಗುಂಡಿಗಳನ್ನು ನೋಡಿದ.

"ನೀನೂನಾ?" ಎಂದ ಹೆಂಡತಿಗೆ.

"ನೀವು ಬೆಳಗ್ಗೆ ಬೆಳಗ್ಗೆ ಸೋತು ಕೂರೋದು ನನಗೆ ನೋಡೋಕೆ ಆಗ್ತಿರಲಿಲ್ಲ ರೀ," ಎಂದರು ಅತ್ತಿಗೆ.

"ಸರಿ ಹೋಯ್ತು. ಮನೆ ತುಂಬ ಅಜ್ಜಿಗಳೇ." ಅವನು ಎದ್ದ. "ನಾನು ಹತ್ತಲ್ಲ. ಫೋನಲ್ಲಿ ಹೇಳೋ ಮಾತಲ್ಲ ಇದು, ನಾಳೆ ಹೋಗಿ ಮೇಸ್ತ್ರಿಗೆ ಎದುರಿಗೇ ಹೇಳ್ತೀನಿ. ನನ್ನ ಬಟ್ಟೆ, ಬಾಟಲಿ ಯಾರೂ ಮುಟ್ಟಬೇಡಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಿಳ್ಳೆ ಕೇಳಿಸಲಿಲ್ಲ. ಅತ್ತಿಗೆ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಹತ್ತಲ್ಲ ಎಂದು ಅವನು ಹೇಳಿದ್ದರೂ ನನ್ನ ಹೆದರಿಕೆ ಹೋಗಲಿಲ್ಲ. ಅಲ್ಲಿ ಹೋದ ಮೇಲೆ ಮೇಸ್ತ್ರಿ ಬೆನ್ನು ತಟ್ಟುತ್ತಾನೆ, ಹಳೇ ಗೆಳೆಯರು ಸುತ್ತುವರಿಯುತ್ತಾರೆ, ಡಾಕ್ಟರ ಸಹಿ ಜೇಬಿನಲ್ಲೇ ಇದೆ. 'ಅದೇನಾಗಲ್ಲ ಹತ್ತಣ್ಣ' ಎನ್ನುವುದಕ್ಕೆ ಯಾರಿಗೂ ಏನೂ ಖರ್ಚಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಹತ್ತಿಬಿಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಅಣ್ಣ ಹಜಾರದ ಕನ್ನಡಿಯ ಮುಂದೆ ನಿಂತ. ಅಂಗಿಯ ಗುಂಡಿಗಳನ್ನೆಲ್ಲ ಎಡಗೈಯಲ್ಲಿ ಬಿಚ್ಚಿದ್ದ. ಈಗ ತೊಟ್ಟುಕೊಂಡು, ಬಲಗೈಯಲ್ಲಿ ಹಾಕತೊಡಗಿದ.

"ಯಾರೂ ಕೈ ಹಾಕಬೇಡಿ," ಎಂದ.

ಮೊದಲ ಗುಂಡಿ ಬೆರಳಿಗೆ ಸಿಕ್ಕಿತು, ಜಾರಿತು, ಸಿಕ್ಕಿತು, ಜಾರಿತು. ಹೆಬ್ಬೆರಳು ತೂತಿನ ಹತ್ತಿರ ಹೋಗಿ ಏನೋ ಮರೆತವರ ಹಾಗೆ ನಿಂತುಬಿಡುತ್ತಿತ್ತು, ಆಮೇಲೆ ನೆನಪಾಗಿ ತಳ್ಳುತ್ತಿತ್ತು. ಆ ನಿಲ್ಲುವಿಕೆ ನನಗೆ ಮೊದಲ ಬಾರಿ ಕಣ್ಣಾರೆ ಕಂಡಿತು. ಇಷ್ಟು ದಿನ ಅಜ್ಜಿ ಮುಚ್ಚಿಟ್ಟದ್ದು ಇದನ್ನೇ. ಅತ್ತಿಗೆಯ ಕೈ ತಾನಾಗಿಯೇ ಮೇಲೆದ್ದಿತು. ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿಕೊಂಡರು. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಗಡಿಯಾರ ಮುಂದೆ ಹೋಗುತ್ತಿತ್ತು. ಮೇಸ್ತ್ರಿಯ ಫೋನ್ ಬಂತು, ಬಡಿದು ಬಡಿದು ನಿಂತಿತು. ಅಣ್ಣನ ಹಣೆಯಲ್ಲಿ ಬೆವರು. ಎರಡನೆಯದು ಹೋಯಿತು. ಮೂರನೆಯದು. ಕೊನೆಯ ತೂತಿಗೂ ಒಂದು ಗುಂಡಿ ಸೇರಿಸಿ, ಅಂಗಿಯ ಅಂಚು ಎಳೆದುಕೊಂಡು, ಉಸಿರು ಬಿಟ್ಟು ನಮ್ಮ ಕಡೆ ತಿರುಗಿದ. ಹಿಂದಿನ ದಿನ ಮಧ್ಯಾಹ್ನದಿಂದ ಆ ಮುಖದಲ್ಲಿ ಇಲ್ಲದಿದ್ದ ಬೆಳಕು ಸ್ವಲ್ಪ ಬಂದಿತ್ತು.

"ಹೇಗಿದೆ?" ಎಂದ.

ಎರಡನೆಯ ಗುಂಡಿ ಮೂರನೆಯ ತೂತಿಗೆ ಹೋಗಿತ್ತು. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ತಪ್ಪಿ, ಅಂಗಿಯ ಒಂದು ಅಂಚು ಮೇಲೆ, ಒಂದು ಕೆಳಗೆ. ಅತ್ತಿಗೆ ನನ್ನತ್ತ ಬೇಡುವ ಕಣ್ಣಲ್ಲಿ ನೋಡಿದರು. ಚೆನ್ನಾಗಿದೆ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟು ವರ್ಷದ ಅಭ್ಯಾಸ ನನ್ನದು, ಹೊಟ್ಟೆಪಾಡೇ ಅದು.

"ತಪ್ಪಾಗಿದೆ ಅಣ್ಣ," ಎಂದೆ. "ಎರಡನೇ ಗುಂಡಿಯಿಂದ ಎಲ್ಲಾ ತಪ್ಪಾಗಿದೆ."

ಅವನು ಕನ್ನಡಿಗೆ ತಿರುಗಿ ನೋಡಿಕೊಂಡ. ಕೆಳಗಿನ ಅಂಚನ್ನು ಮುಟ್ಟಿ ಅಳತೆ ನೋಡಿದ. ಬಯ್ಯುತ್ತಾನೆ ಎಂದುಕೊಂಡೆ. ಅವನು ತಲೆಯಾಡಿಸಿದ.

"ಹ್ಞಾಂ, ಹಾವಿನ ಬಾಯಿಗೇ ಬಿದ್ದಿದೀನಿ," ಎಂದ. ಕೆಳಗಿನಿಂದ ಒಂದೊಂದಾಗಿ, ಬಲಗೈಯಲ್ಲೇ, ಬಿಚ್ಚುತ್ತ ಬಂದ. "ಮೇಸ್ತ್ರಿಗೆ ಫೋನ್ ಮಾಡಿ ಹೇಳು, ತಡ ಆಗುತ್ತೆ, ಕಾಯಲಿ. ಕ್ರೇನಿಗೆ ಬೇರೆಯವರನ್ನ ಹತ್ತಿಸಲಿ. ಯಾಕೆ ಅಂತ ನಾನೇ ಬಂದು ಹೇಳ್ತೀನಿ ಅನ್ನು."

ನಾನು ಫೋನ್ ಹಚ್ಚಿದೆ. ಅತ್ತ ಮೇಸ್ತ್ರಿ ಹಲೋ ಹಲೋ ಎನ್ನುತ್ತಿದ್ದ. ಅಣ್ಣ ಎರಡನೇ ಗುಂಡಿಯನ್ನು ಹಿಡಿದುಕೊಂಡು, ಅದರ ತೂತು ಯಾವುದು ಎಂದು ಕನ್ನಡಿಯಲ್ಲಿ ಹುಡುಕುತ್ತಿದ್ದ.